ಆ ಸ್ಕ್ರೀನ್‌ಶಾಟ್ ಮುಂದಕ್ಕೆ ಕಳಿಸಬೇಡ, ಪುಟ್ಟಿ

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ತಲೆಯಲ್ಲೇ ಕೂತಿದೆ. ನಿನ್ನ ಕ್ಲಾಸಿನ ಹುಡುಗನೊಬ್ಬ, ಹಿಂದೆ ಜೊತೆಗಿದ್ದ ಹುಡುಗಿಗೆ ಕೆಟ್ಟ ಕೆಟ್ಟದಾಗಿ ಮೆಸೇಜ್ ಮಾಡಿದ್ದನಂತೆ. ಯಾರೋ ಅದರ ಸ್ಕ್ರೀನ್‌ಶಾಟನ್ನು ಇನ್‌ಸ್ಟಾಗ್ರಾಮಿಗೆ ಹಾಕಿದರಂತೆ, ಜೊತೆಗೆ ಅವನ ನಂಬರು, ಊರು, ಅವನ ತಾಯಿಯ ಫೋಟೊ. "ಆಗಬೇಕಾದ್ದೇ ಅಪ್ಪ, ಮಾನ ಹೋಗಲಿ ಅವನದ್ದು" ಅಂದೆ. ಫೋನಿನಲ್ಲಿ ವಾದ ಬೇಡವೆಂದು ಬರೆಯುತ್ತಿದ್ದೇನೆ.

ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ ಕಣಮ್ಮ. ನಮ್ಮ ಕಾಲದಲ್ಲಿ ಬಸ್ಸಿನಲ್ಲಿ ಯಾರಾದರೂ ಕೈ ಹಾಕಿದರೆ ಹುಡುಗಿಯೇ ತಲೆ ತಗ್ಗಿಸಿ ಇಳಿಯಬೇಕಿತ್ತು. ಮನೆಯಲ್ಲಿ ಹೇಳಿದರೆ ಕಾಲೇಜೇ ಬಿಡಿಸುತ್ತಿದ್ದರು; ನಿನ್ನ ಸೋದರತ್ತೆಯ ಓದು ನಿಂತದ್ದು ಹಾಗೆಯೇ. ತಪ್ಪು ಮಾಡಿದವನು ನಾಚಿಕೊಳ್ಳಲಿ, ನಾನ್ಯಾಕೆ ಎಂದು ನೀವು ಕೇಳುತ್ತೀರಲ್ಲ, ಅದು ನನಗೆ ಹೆಮ್ಮೆ. 2018ರಲ್ಲಿ ನಮ್ಮ ದೇಶದಲ್ಲಿ ಲೈಂಗಿಕ ಕಿರುಕುಳದ ವಿರುದ್ಧ ಮೀಟೂ ಚಳವಳಿ ಜೋರಾದಾಗಲೂ ಎಷ್ಟೋ ಹೆಂಗಸರು ದೂರು ಕೊಡಲು ಬೇರೆ ದಾರಿ ಕಾಣದೆ, ದೊಡ್ಡ ದೊಡ್ಡವರ ಎದುರು ತಮ್ಮ ಹೆಸರನ್ನೇ ಪಣಕ್ಕಿಟ್ಟು ಮಾತಾಡಿದರು. ಆದರೆ ನಿಮ್ಮ ಕಾಲೇಜಿನಲ್ಲಿ ಆ ಹುಡುಗಿಯನ್ನು ಯಾರಾದರೂ ಒಂದು ಮಾತು ಕೇಳಿದರೇ? ಆ ಸ್ಕ್ರೀನ್‌ಶಾಟಿನಲ್ಲಿ ಅವಳ ಗುಟ್ಟೂ ಇದೆ. ಅವನ ತಾಯಿ ಏನು ತಪ್ಪು ಮಾಡಿದ್ದಳು?

ನಮ್ಮ ಹಾಸನದಲ್ಲಿ 2024ರ ಏಪ್ರಿಲ್‌ನಲ್ಲಿ ಆದದ್ದನ್ನು ನೀನು ಮರೆತಿರಲಾರೆ. ಚುನಾವಣೆ ಹತ್ತಿರವಿರುವಾಗ, ಹೆಂಗಸರ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಊರೆಲ್ಲ ಹರಿದಾಡಿದವು. ಆರೋಪ ಅಂದಿನ ಸಂಸದನ ಮೇಲೆ, ಮುಖ ಕಂಡದ್ದು ಹೆಂಗಸರದ್ದು. ಮಸುಕು ಮಾಡುವಷ್ಟು ದಯೆಯೂ ಯಾರಿಗೂ ಇರಲಿಲ್ಲ. ಟೀ ಅಂಗಡಿಯಲ್ಲಿ "ನಿಮಗೆ ಬಂತಾ?" ಎಂದು ಕೇಳುತ್ತಿದ್ದವರು ಅನ್ಯಾಯ ಬಯಲಾಗಬೇಕಲ್ಲ ಎಂದೇ ಹೇಳುತ್ತಿದ್ದರು. ಗಂಡ, ಮಕ್ಕಳು, ಅಕ್ಕಪಕ್ಕದವರಿಗೆ ಮುಖ ತೋರಿಸಲಾಗದೆ ಕೆಲವರು ಮನೆ ಬಿಟ್ಟು ಹೋದರು. ಆ ವಿಡಿಯೊ ಹಂಚುವುದೇ ಅಪರಾಧ ಎಂದು ವಿಶೇಷ ತನಿಖಾ ತಂಡ (ಎಸ್‌ಐಟಿ) ಎಚ್ಚರಿಕೆ ಕೊಡಬೇಕಾಯಿತು. ಪೆನ್‌ಡ್ರೈವ್ ಹೊರಗೆ ಬಾರದಿದ್ದರೆ ಕೇಸೇ ಆಗುತ್ತಿರಲಿಲ್ಲ ಎನ್ನುವವರಿದ್ದಾರೆ. ಆದರೆ ಪೊಲೀಸರಿಗೋ ಮಹಿಳಾ ಆಯೋಗಕ್ಕೋ ಒಂದು ಪ್ರತಿ ತಲುಪಿಸಿದ್ದರೆ ಸಾಕಿತ್ತು, ಊರಿನ ಕೈಗೆಲ್ಲ ಕೊಡಬೇಕಿರಲಿಲ್ಲ. 2025ರ ಆಗಸ್ಟ್‌ನಲ್ಲಿ ವಿಶೇಷ ನ್ಯಾಯಾಲಯ ಒಂದು ಪ್ರಕರಣದಲ್ಲಿ ಆ ಮಾಜಿ ಸಂಸದನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅಲ್ಲಿ ನಿಂತು ಸಾಕ್ಷಿ ಹೇಳಿದವಳು ಮನೆಗೆಲಸ ಮಾಡುತ್ತಿದ್ದ ಒಬ್ಬ ಹೆಂಗಸು. ಆ ಧೈರ್ಯದಲ್ಲಿ ಫಾರ್ವರ್ಡ್ ಮಾಡಿದವರ ಪಾಲು ಏನೂ ಇಲ್ಲ.

ನೀನು ದಿನಾ ಓಡಾಡುವ ಬೆಂಗಳೂರಿನ ಮೆಟ್ರೊದಲ್ಲೇ ಹುಡುಗಿಯರಿಗೆ ಗೊತ್ತಿಲ್ಲದಂತೆ ವಿಡಿಯೊ ಮಾಡಿ ಇನ್‌ಸ್ಟಾಗ್ರಾಮಿಗೆ ಹಾಕುತ್ತಿದ್ದವನನ್ನು 2025ರ ಮೇ ತಿಂಗಳಲ್ಲಿ ಹಿಡಿದರು. ಅವನನ್ನು ಫಾಲೊ ಮಾಡುತ್ತಿದ್ದವರು ಸಾವಿರಾರು ಜನ! ನೋಡುವವರು, ಹಂಚುವವರು ಇರುವುದರಿಂದಲೇ ಇದೆಲ್ಲ ನಡೆಯುವುದು.

ಇನ್ನೊಂದು ಸಂಗತಿ. ಒಬ್ಬ ತಂದೆ ನಮ್ಮ ಹೈಕೋರ್ಟಿನ ಮೆಟ್ಟಿಲು ಹತ್ತಿದ್ದರು. ಮಗಳ ಹಳೆಯ ಕೇಸು ಮುಗಿದಿದ್ದರೂ ಇಂಟರ್‌ನೆಟ್ಟಿನಲ್ಲಿ ಅವಳ ಹೆಸರು ಹುಡುಕಿದರೆ ಆ ಆದೇಶ ಸಿಗುತ್ತದೆ, ಅದು ಅವಳ ಸಂಸಾರಕ್ಕೆ ಕುತ್ತಾಗುತ್ತದೆ ಎಂಬ ಆತಂಕ ಅವರದ್ದು. ಹುಡುಕಾಟದಲ್ಲಿ ಅವಳ ಹೆಸರು ಕಾಣದಂತೆ ನೋಡಿಕೊಳ್ಳಿ ಎಂದು 2017ರ ಜನವರಿಯಲ್ಲಿ ನ್ಯಾಯಾಲಯ ತನ್ನ ಕಚೇರಿಯಾದ ರಿಜಿಸ್ಟ್ರಿಗೆ ಸೂಚಿಸಿತು. ಅದೇ ವರ್ಷ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದರು. ಆ ಕೇಸು ಹಾಕಿದ್ದ ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. ಆ ತಂದೆ ಕೋರ್ಟಿಗೆ ಅಲೆದದ್ದನ್ನು ನೆನೆದಾಗ ನನಗೆ ನೀನೇ ಕಣ್ಣಮುಂದೆ ಬರುತ್ತೀಯ.

ನಾಳೆ ನಿನ್ನದೇ ಒಂದು ಫೋಟೊ, ಒಂದು ಚಾಟ್ ಹೊರಬಿದ್ದರೆ ಡಿಲೀಟ್ ಮಾಡುವ ಗಾಬರಿ ಬೇಡ. ಲಿಂಕು, ಸ್ಕ್ರೀನ್‌ಶಾಟು ಇಟ್ಟುಕೊ. ಸೈಬರ್ ಕ್ರೈಂ ಪೋರ್ಟಲ್ಲಿನಲ್ಲಿ ದೂರು ಹಾಕೋಣ. ಖಾಸಗಿ ಚಿತ್ರ ಒಪ್ಪಿಗೆಯಿಲ್ಲದೆ ಹರಡದಂತೆ ತಡೆಯಲು ಸ್ಟಾಪ್‌ಎನ್‌ಸಿಐಐ ಎಂಬ ಸೇವೆ ಇದೆ. ಅಲ್ಲಿ ಚಿತ್ರ ನಿನ್ನ ಫೋನಿನಲ್ಲೇ ಉಳಿಯುತ್ತದೆ, ಅದರ ಡಿಜಿಟಲ್ ಗುರುತು ಮಾತ್ರ ಇನ್‌ಸ್ಟಾಗ್ರಾಮಿನಂಥ ಕಂಪನಿಗಳಿಗೆ ಹೋಗಿ ಹಂಚಿಕೆ ತಡೆಯಲು ನೆರವಾಗುತ್ತದೆ. ಅದಕ್ಕೆಲ್ಲ ಮೊದಲು ನನಗೊಂದು ಫೋನ್ ಮಾಡು. ಎಷ್ಟು ಹೊತ್ತಾಗಿದ್ದರೂ ಬಸ್ಸು ಹತ್ತಿ ಬರುತ್ತೇನೆ. ಯಾಕೆ ತೆಗೆಸಿಕೊಂಡೆ, ಯಾರ ಜೊತೆಗಿದ್ದೆ ಎಂದು ಈ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಅಮ್ಮನ ಹತ್ತಿರವೂ ಮಾತಾಡಿದ್ದೇನೆ.

ಈಗ ಎರಡು ಕೆಲಸ ಮಾಡು. ಆ ಹುಡುಗಿಗೆ ಏನು ಬೇಕು ಎಂದು ಅವಳನ್ನೇ ಕೇಳು. ಕಾಲೇಜಿನ ಆಂತರಿಕ ದೂರು ಸಮಿತಿಗೆ ಹೋಗುತ್ತೇನೆ ಅಂದರೆ ಜೊತೆಗೆ ಹೋಗು. ಅವನ ತಪ್ಪಿಗೆ ಅಲ್ಲಿ ಶಿಕ್ಷೆಯಾಗಲಿ. ಆ ಹುಡುಗ ಒಂದು ವಾರದಿಂದ ಕ್ಲಾಸಿಗೆ ಬಂದಿಲ್ಲ ಅಂದೆಯಲ್ಲ. ಅವನ ರೂಮಿನ ಹುಡುಗರಿಗೆ ಇವತ್ತೇ ಫೋನ್ ಮಾಡಿ, ಅವನನ್ನು ಒಬ್ಬನೇ ಬಿಡಬೇಡಿ, ಊಟ ಮಾಡಿದನಾ ನೋಡಿ ಎಂದು ಹೇಳು. ಏನಾಯಿತೆಂದು ರಾತ್ರಿ ನನಗೆ ತಿಳಿಸು.

ನಿನ್ನ ಅಪ್ಪ