ಮೂಲನಿವಾಸಿ ಸಂಸ್ಥೆಗಳನ್ನು ಅಳೆಯುವ ಬಗೆ

ಮಾನ್ಯರೇ,

ಆಸ್ಟ್ರೇಲಿಯಾದ ಮೂಲನಿವಾಸಿ ಸಮುದಾಯಗಳು ತಾವೇ ನಡೆಸುವ ಸಂಸ್ಥೆಗಳು ಸುದ್ದಿಯಾಗುವುದು ಹೆಚ್ಚಾಗಿ ಹಣದ ಅವ್ಯವಹಾರ ಬಯಲಾದಾಗ ಮಾತ್ರ ಎಂಬುದು ಬೇಸರದ ಸಂಗತಿ. ಸಿಡ್ನಿಯ ರೆಡ್‌ಫರ್ನ್‌ನಲ್ಲಿ 1971ರಲ್ಲಿ, ತಾರತಮ್ಯದಿಂದ ನೊಂದ ಜನರು ಸ್ವಯಂಸೇವಕ ವೈದ್ಯರ ನೆರವಿನಿಂದ ತೆರೆದ ಆರೋಗ್ಯ ಕೇಂದ್ರವು, ಇಂದು ದೇಶದಾದ್ಯಂತ ಇರುವ ನೂರಕ್ಕೂ ಹೆಚ್ಚು ಸಮುದಾಯ ಆರೋಗ್ಯ ಸಂಸ್ಥೆಗಳಿಗೆ ದಾರಿ ತೋರಿತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಷರ್ಲಿ ಸ್ಮಿತ್ ಅವರನ್ನು ಜನರು ‘ಮಮ್ ಷರ್ಲ್’ ಎಂದೇ ಪ್ರೀತಿಯಿಂದ ಕರೆಯುತ್ತಿದ್ದರು. ನಾಯಕತ್ವವೆಂದರೆ ನನಗೆ ನೆನಪಾಗುವುದು ಅವರೇ.

ಹೊಣೆಗಾರಿಕೆಯೂ ಇಲ್ಲಿ ಸಡಿಲವಾಗಿಲ್ಲ. 2007ರ ಜುಲೈ 1ರಂದು ಜಾರಿಗೆ ಬಂದ ವಿಶೇಷ ಕಾಯ್ದೆಯಡಿ ನೋಂದಾಯಿತವಾದ ಸಂಸ್ಥೆಗಳಲ್ಲಿ ನಿರ್ದೇಶಕರ ಪೈಕಿ ಬಹುಸಂಖ್ಯಾತರು ಮೂಲನಿವಾಸಿಗಳೇ ಆಗಿರಬೇಕು. ಅವರು ಪ್ರಾಮಾಣಿಕತೆ, ಎಚ್ಚರಿಕೆಗಳಿಂದ ನಡೆದುಕೊಳ್ಳದಿದ್ದರೆ ದಂಡನೆಗೆ ಒಳಗಾಗುತ್ತಾರೆ. ಈ ಸಂಸ್ಥೆಗಳ ಮೇಲ್ವಿಚಾರಣೆಗೆಂದೇ ಇರುವ ಸರ್ಕಾರಿ ಅಧಿಕಾರಿಯಾದ ರಿಜಿಸ್ಟ್ರಾರರು ಲೆಕ್ಕಪತ್ರಗಳನ್ನು ಪರಿಶೀಲಿಸಬಹುದು, ಸಂಸ್ಥೆ ಹಳಿ ತಪ್ಪಿದಾಗ ವಿಶೇಷ ಆಡಳಿತಾಧಿಕಾರಿಯನ್ನು ನೇಮಿಸಿ, ಅದನ್ನು ಸರಿಪಡಿಸಿ ಮತ್ತೆ ಸದಸ್ಯರ ಕೈಗೆ ಒಪ್ಪಿಸಬಹುದು. ಸಾಮಾನ್ಯ ಕಂಪನಿಗಳ ಮೇಲೆ ಇಂಥ ಅಧಿಕಾರ ಅಲ್ಲಿನ ನಿಯಂತ್ರಕರಿಗಿಲ್ಲ. ಇಷ್ಟು ಬಿಗಿಯಾದ ಮೇಲ್ವಿಚಾರಣೆಯಲ್ಲಿ ತಪ್ಪುಗಳು ಬೇಗ ಬೆಳಕಿಗೆ ಬರುವುದು ಸಹಜ. ಆದ್ದರಿಂದ ಒಂದು ಸಂಸ್ಥೆಯ ವೈಫಲ್ಯವನ್ನು ಇಡೀ ಸಮುದಾಯದ ಅಸಾಮರ್ಥ್ಯವೆಂದು ಬಿಂಬಿಸುವ ಬರಹಗಳಿಗೆ ನನ್ನ ತೀವ್ರ ಆಕ್ಷೇಪವಿದೆ.

– ಓರ್ವ ಓದುಗ