ಗೆಳೆಯನಿಗೊಂದು ಪತ್ರ: ಬಾಯ್ಕಾಟ್ ಅನ್ನೋ ಮನುಷ್ಯ

ಪ್ರಿಯ ಶಿವು,

ಬಹಿಷ್ಕಾರದ ಸುದ್ದಿ ಬರೆಯುತ್ತಾ, 'ಬಾಯ್ಕಾಟ್' ಅನ್ನೋ ಪದ ಆ ಕ್ರಿಕೆಟಿಗನ ಹೆಸರಿನಿಂದ ಬಂತಾ ಅಂತ ಕೇಳಿದ್ದೀಯ. ಇಲ್ಲ ಮಾರಾಯ, ಇಂಗ್ಲೆಂಡಿಗೆ ಕ್ರಿಕೆಟ್ ಆಡುತ್ತಿದ್ದ ಜೆಫ್ರಿ ಬಾಯ್ಕಾಟ್‌ನಿಂದ ಆ ಪದ ಬಂದಿಲ್ಲ. ಅವನು ಹುಟ್ಟಿದ್ದು 1940ರಲ್ಲಿ, ಪದ ಹುಟ್ಟಿದ್ದು 1880ರಲ್ಲಿ. ಆದರೆ ನಿನ್ನ ಅನುಮಾನ ಪೂರ್ತಿ ಸುಳ್ಳೂ ಅಲ್ಲ. ಅದು ಒಬ್ಬ ಮನುಷ್ಯನ ಹೆಸರೇ.

ಅವನು ಚಾರ್ಲ್ಸ್ ಬಾಯ್ಕಾಟ್. ಇಂಗ್ಲೆಂಡಿನವನು, ಸೈನ್ಯದಲ್ಲಿ ಇದ್ದು ಬಂದವನು. ಐರ್ಲೆಂಡಿನ ಮೇಯೋ ಸೀಮೆಯಲ್ಲಿ ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಏಜೆಂಟನಾಗಿ ಗೇಣಿ ವಸೂಲಿ ಮಾಡುತ್ತಿದ್ದ. 1879ರಲ್ಲಿ ಅಲ್ಲಿ ಬೆಳೆ ಕೈಕೊಟ್ಟಿತ್ತು. ಮರುವರ್ಷ ಗೇಣಿದಾರರು ನೂರಕ್ಕೆ 25ರಷ್ಟು ಬಿಡಿ ಅಂದರು. ಧಣಿ 10ರ ಮೇಲೆ ಆಗಲ್ಲ ಅಂದ. ಬಾಯ್ಕಾಟ್ ಜಮೀನು ಬಿಡಿಸುವ ನೋಟಿಸು ಕಳಿಸಿದ. ನೋಟಿಸು ಹಿಡಿದು ಬಂದವನಿಗೂ ಪೊಲೀಸರಿಗೂ ಹೆಂಗಸರು ಕೆಸರು, ಸಗಣಿ ಎಸೆದು ಅಟ್ಟಿದರು.

ಅದಕ್ಕೆ ಕೆಲವೇ ದಿನ ಮೊದಲು, ಸೆಪ್ಟೆಂಬರ್ 19ರಂದು, ಐರ್ಲೆಂಡಿನ ಗೇಣಿದಾರರ ಪರ ಹೋರಾಡುತ್ತಿದ್ದ ಪಾರ್ನೆಲ್ ಎಂಬ ನಾಯಕ ಅಲ್ಲಿನ ಎನ್ನಿಸ್ ಪಟ್ಟಣದಲ್ಲಿ ಭಾಷಣ ಮಾಡಿದ್ದ. ಒಕ್ಕಲೆಬ್ಬಿಸಿದ ಬಡವನ ಹೊಲವನ್ನು ಇನ್ನೊಬ್ಬ ಗುತ್ತಿಗೆ ಹಿಡಿದರೆ ಅವನಿಗೆ ಏನು ಮಾಡಬೇಕು ಅಂತ ಕೇಳಿದ. ಗುಂಪಿನಿಂದ ಯಾರೋ ಗುಂಡು ಹೊಡೀರಿ ಅಂತ ಕೂಗಿದರು. ಬೇಡ, ದಾರಿಯಲ್ಲಿ, ಅಂಗಡಿಯಲ್ಲಿ, ಸಂತೆಯಲ್ಲಿ, ಚರ್ಚಿನಲ್ಲಿ ಕೂಡ ಅವನನ್ನು ದೂರ ಇಡಿ ಅಂದ ಪಾರ್ನೆಲ್. ನೋಡು, ಅವನು ಹೇಳಿದ್ದು ಹಾಗೆ ಇನ್ನೊಬ್ಬರ ಹೊಲ ಹಿಡಿದ ರೈತನ ಬಗ್ಗೆ. ಮೇಯೋ ಜನ ಅದನ್ನು ಏಜೆಂಟನ ಮೇಲೇ ತಿರುಗಿಸಿದರು. ಅದು ಅವರದೇ ಬುದ್ಧಿ.

ಆಳುಗಳು ಕೆಲಸ ಬಿಟ್ಟು ಹೋದರು. ಕಮ್ಮಾರ ಕುದುರೆಗೆ ಲಾಳ ಹೊಡೆಯಲಿಲ್ಲ. ಬಟ್ಟೆ ಒಗೆಯುವವಳು ಬರುವುದು ನಿಂತಿತು. ಅಂಗಡಿಯವರು ಸಾಮಾನು ಕೊಡಲಿಲ್ಲ. ಟಪಾಲು ತರುತ್ತಿದ್ದ ಹುಡುಗನನ್ನೂ ಹೆದರಿಸಿದರು. ಎಲ್ಲರೂ ಖುಷಿಯಿಂದ ಮಾಡಿದ್ದಲ್ಲ ಅಂತ ಇದರಿಂದಲೇ ಗೊತ್ತಾಗುತ್ತೆ ಅಲ್ವಾ? ಬಾಯ್ಕಾಟ್ ತನ್ನ ಗೋಳನ್ನು ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಬರೆದ. ಗಲಾಟೆ ದೊಡ್ಡದಾಯಿತು. ನವೆಂಬರಿನಲ್ಲಿ ಉತ್ತರದ ಕ್ಯಾವನ್, ಮೊನಾಹನ್ ಕಡೆಯಿಂದ 50 ಜನ ಅವನ ಬೆಳೆ ಕೀಳಲು ಬಂದರು. ಅವರ ಕಾವಲಿಗೆ ನೂರಾರು ಸೈನಿಕರು, ಪೊಲೀಸರು. ಸುಮಾರು 500 ಪೌಂಡ್ ಬೆಲೆಯ ಟರ್ನಿಪ್ ಗೆಡ್ಡೆ, ಆಲೂಗಡ್ಡೆ ಕೀಳಿಸಲು 10,000 ಪೌಂಡ್ ಖರ್ಚಾಯಿತು ಅಂತ ಆಗಿನ ಲೆಕ್ಕ. ಡಿಸೆಂಬರ್ ಶುರುವಿನಲ್ಲಿ ಬಾಯ್ಕಾಟ್ ಐರ್ಲೆಂಡ್ ಬಿಟ್ಟ. ಮನೆಯಿಂದ ಹೊರಡುವಾಗ ಗಾಡಿ ಹೊಡೆಯಲು ಒಬ್ಬನೂ ಸಿಗದೆ, ಸೈನ್ಯದ ಆಂಬುಲೆನ್ಸ್ ಗಾಡಿಯಲ್ಲಿ ಹೋದನಂತೆ.

ಹೆಸರು ಕ್ರಿಯಾಪದವಾದ ಕಥೆಯನ್ನು ಜೇಮ್ಸ್ ರೆಡ್‌ಪಾತ್ ಎಂಬ ಅಮೆರಿಕದ ಪತ್ರಕರ್ತ ಹೇಳಿದ್ದಾನೆ. ಅವನು ಮತ್ತು ಅಲ್ಲಿನ ಪಾದ್ರಿ ಓಮ್ಯಾಲಿ ಊಟಕ್ಕೆ ಕೂತಿದ್ದರು. ಈ ಕೆಲಸಕ್ಕೆ ಇಂಗ್ಲಿಷಿನಲ್ಲಿ ಇದ್ದ ಪದ ಗ್ರೀಕ್ ಮೂಲದ್ದು, ಭಾರೀ ಓದಿದವರದ್ದು. ರೈತರ ಬಾಯಿಗೆ ಅದು ಹತ್ತಲ್ಲ. ಪಾದ್ರಿ ಹಣೆ ತಟ್ಟಿಕೊಂಡು, 'ಬಾಯ್ಕಾಟ್ ಮಾಡು' ಅಂದರೆ ಹೇಗೆ ಅಂದನಂತೆ. ಆ ವರ್ಷ ಮುಗಿಯುವುದರೊಳಗೆ ಪದ ಪತ್ರಿಕೆಗಳಲ್ಲಿತ್ತು. ಆಮೇಲೆ ಫ್ರೆಂಚ್, ಜರ್ಮನ್, ರಷ್ಯನ್, ಜಪಾನಿ ಭಾಷೆಗಳಿಗೂ ಹೋಯಿತು.

ಹೋದಲ್ಲೆಲ್ಲ ಅರ್ಥ ಜರುಗಿತು. ಮೊದಲು ಅದು ಮನುಷ್ಯನಿಗೆ ಮಾಡುವ ಕೆಲಸ. 1905ರ ಆಗಸ್ಟ್ 7ರಂದು ಕಲ್ಕತ್ತಾದ ಟೌನ್ ಹಾಲ್‌ನಲ್ಲಿ ಸ್ವದೇಶಿ ಚಳವಳಿಯ ನಿರ್ಣಯ ಆದಾಗ ಅದು ಬ್ರಿಟಿಷ್ ಬಟ್ಟೆ, ಉಪ್ಪು, ಸಕ್ಕರೆಗೆ ಮಾಡುವ ಕೆಲಸವಾಯಿತು. 1928ರಲ್ಲಿ ಸೈಮನ್ ಕಮಿಷನ್ನಿಗೆ ಬಾಯ್ಕಾಟ್. ಈಗ ವಕೀಲರು ಕಲಾಪಕ್ಕೆ, ರಸ್ತೆ ಇಲ್ಲದ ಊರಿನವರು ಮತದಾನಕ್ಕೆ ಬಹಿಷ್ಕಾರ ಹಾಕುತ್ತಾರೆ. ಸುಮ್ನೆ ಮೊಬೈಲಿನಲ್ಲಿ ಒಂದು ಹ್ಯಾಶ್‌ಟ್ಯಾಗ್ ಒತ್ತಿದರೂ ಬಾಯ್ಕಾಟೇ. ಇದರಲ್ಲಿ ಕಳಕೊಳ್ಳುವುದು ಏನೂ ಇಲ್ಲ, ನನಗೆ ಅದರ ಮೇಲೆ ಗೌರವ ಕಡಿಮೆ.

ಜೆಫ್ರಿಗೂ ಹೆಸರು ಕಾಟ ಕೊಟ್ಟಿದ್ದುಂಟು. ದಕ್ಷಿಣ ಆಫ್ರಿಕಾದ ವರ್ಣಭೇದದ ವಿರುದ್ಧ ಕ್ರೀಡಾ ಬಾಯ್ಕಾಟ್ ನಡೆಯುತ್ತಿದ್ದ ಕಾಲ. ಅಲ್ಲಿಗೆ ಹೋಗಿ ಆಡಿದ್ದ ಅನ್ನುವ ಕಾರಣಕ್ಕೆ ಇಂಗ್ಲೆಂಡ್ ತಂಡದ 1981ರ ಭಾರತ ಪ್ರವಾಸವೇ ತೂಗುಯ್ಯಾಲೆಯಲ್ಲಿತ್ತು. ಕೊನೆಗೆ ಬಂದ, ದೆಹಲಿಯಲ್ಲಿ ವೆಸ್ಟ್ ಇಂಡೀಸಿನ ಸೋಬರ್ಸ್ ಅವರ ಒಟ್ಟು ಟೆಸ್ಟ್ ರನ್ ದಾಖಲೆ ಮುರಿದ. 1982ರಲ್ಲಿ ಮತ್ತೆ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಮೂರು ವರ್ಷ ನಿಷೇಧ ಹಾಕಿಸಿಕೊಂಡ. ಬಾಯ್ಕಾಟ್‌ಗೆ ಬಾಯ್ಕಾಟ್!

ಈಗ ನೀನು ನಿಜವಾಗಿ ಕೇಳಿದ್ದಕ್ಕೆ ಬರುತ್ತೇನೆ. ಊರಿನವರು ಒಂದು ದಲಿತ ಮನೆಗೆ ಬಹಿಷ್ಕಾರ ಹಾಕಿದ ಸುದ್ದಿಗೂ ಅದೇ ಪದ ಹಾಕಬಹುದಾ ಅಂತ. ಕೆಲಸ ನೋಡಿದರೆ ಒಂದೇ. ಮೇಯೋದಲ್ಲಿ ಮುಚ್ಚಿದ ಅಂಗಡಿಯೇ ಇಲ್ಲೂ ಮುಚ್ಚುತ್ತೆ. ಕೂಲಿ ನಿಲ್ಲುತ್ತೆ, ಗಿರಣಿಯವನು ಹಿಟ್ಟು ಮಾಡಿಕೊಡಲ್ಲ. ಆದರೆ ಅಲ್ಲಿ ಇಡೀ ಊರು ಧಣಿಯ ಮನುಷ್ಯನ ವಿರುದ್ಧ ನಿಂತಿತ್ತು. ಅವನ ಹಿಂದೆ ಸರ್ಕಾರ, ಸೈನ್ಯ ಎರಡೂ ಇದ್ದವು. ಇಲ್ಲಿ ಧಣಿಗಳೇ ಕೂಲಿಯವನ ವಿರುದ್ಧ ನಿಲ್ಲುತ್ತಾರೆ, ಅವನು ಸೈನ್ಯದ ಗಾಡಿ ಹತ್ತಿ ಎಲ್ಲಿಗೂ ಹೋಗಲಾರ.

ಅಂಬೇಡ್ಕರರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. 1927ರಲ್ಲಿ ಅವರು ಶುರು ಮಾಡಿದ ಪತ್ರಿಕೆಯ ಹೆಸರೇ 'ಬಹಿಷ್ಕೃತ ಭಾರತ'. ಮೊದಲ ದುಂಡು ಮೇಜಿನ ಪರಿಷತ್ತಿನಲ್ಲಿ ಸಾಮಾಜಿಕ ಬಹಿಷ್ಕಾರ ಅಪರಾಧವಾಗಬೇಕು ಅಂತ ಕೇಳಿದರು. ಅದರ ಕರಡನ್ನು ಬರ್ಮಾದ 1922ರ ಬಾಯ್ಕಾಟ್ ವಿರೋಧಿ ಕಾಯ್ದೆಯಿಂದ ತೆಗೆದುಕೊಂಡರು. ಈಗ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ ನಮ್ಮ ಕಾಯ್ದೆಯಲ್ಲಿ, 2015ರ ತಿದ್ದುಪಡಿಯಾದ ಮೇಲೆ, ಸಾಮಾಜಿಕ ಮತ್ತು ಆರ್ಥಿಕ ಬಹಿಷ್ಕಾರ ಎರಡೂ ಅಪರಾಧ. ಬೆದರಿಕೆ ಹಾಕಿದರೂ ಅಪರಾಧ.

ಅದಕ್ಕೇ ಹೇಳೋದು, ಪದ ಹಾಕು, ತೊಂದರೆ ಇಲ್ಲ. ಆದರೆ 'ಕುಟುಂಬಕ್ಕೆ ಬಹಿಷ್ಕಾರ' ಅಂತ ಹೆಡ್‌ಲೈನ್ ಕೊಟ್ಟು ಕೈತೊಳೆದುಕೊಳ್ಳಬೇಡ. ಹಾಕಿದವರು ಯಾರು, ಯಾವ ಅಂಗಡಿ ಮುಚ್ಚಿತು, ಹಾಲು ತಗೊಳ್ಳೋದು ನಿಲ್ಲಿಸಿದ್ದು ಯಾವಾಗ, ಇದನ್ನೆಲ್ಲ ವರದಿಗಾರನಿಂದ ಕೇಳಿ ಮೊದಲ ಪ್ಯಾರಾದಲ್ಲೇ ಬರಿ. ಎಡಿಷನ್ ಎಷ್ಟು ಗಂಟೆಗೆ ಕ್ಲೋಸ್ ಆಗುತ್ತೆ? ಅಷ್ಟರಲ್ಲಿ ಏನಾದರೂ ಬೇಕಿದ್ದರೆ ಫೋನ್ ಮಾಡು, ಎದ್ದಿರ್ತೀನಿ.

ನಿನ್ನ,
ರಾಘು