ಟ್ರೇಲರ್ ನೋಡಿ ಚೇಣಿ ಹಿಡಿಯಬೇಡಿ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ಇದೇ ಪುಟದಲ್ಲಿ ಹಿರಿಯ ಓದುಗರೊಬ್ಬರು ಬರೆದಿದ್ದರು. ಇನ್ನೂ ಬಾರದ ಒಂದು ಕಂಪ್ಯೂಟರ್ ಆಟದ ವಿಷಯಕ್ಕೆ ಅವರ ಮೊಮ್ಮಗ ಗೆಳೆಯನ ಜೊತೆ ಮಾತು ಬಿಟ್ಟಿದ್ದಾನಂತೆ. ಇದೆಂಥ ಹುಚ್ಚು ಅಂತ ಕೇಳಿದ್ದರು. ನಾನು ತೀರ್ಥಹಳ್ಳಿಯಲ್ಲಿ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇಟ್ಟುಕೊಂಡಿದ್ದೇನೆ. ಆ ಹುಚ್ಚು ದಿನಾ ಸಂಜೆ ನನ್ನ ಕೌಂಟರ್ ಮುಂದೆ ನಿಂತಿರುತ್ತದೆ. ಸ್ವಲ್ಪ ನನಗೂ ಇದೆ. ಹಾಗಾಗಿ ಉತ್ತರ ಕೊಡುವ ಹಕ್ಕೂ ಇದೆ ಅಂದುಕೊಂಡಿದ್ದೇನೆ.

ಆಟದ ಹೆಸರು ಅವರು ಬರೆದಿರಲಿಲ್ಲ. ನನ್ನ ಊಹೆ ಸರಿಯಿದ್ದರೆ ಅದು ‘ದಿ ವಿಚರ್ 4’. ಪೋಲೆಂಡ್‌ನ ವಾರ್ಸಾದಲ್ಲಿರುವ ಸಿ.ಡಿ. ಪ್ರಾಜೆಕ್ಟ್ ರೆಡ್ ಅನ್ನುವ ಕಂಪನಿ ಮಾಡುತ್ತಿದೆ. ಇಂಥ ಆಟಗಳಿಗೆ ಓಪನ್ ವರ್ಲ್ಡ್ ಅನ್ನುತ್ತಾರೆ. ದೊಡ್ಡ ಸೀಮೆಯೊಂದನ್ನು ಕೊಟ್ಟು ಬಿಡುತ್ತಾರೆ, ಎಲ್ಲಿಗೆ ಬೇಕಾದರೂ ಹೋಗಬಹುದು, ಯಾರ ಕೆಲಸ ಒಪ್ಪಬೇಕು, ಯಾರನ್ನು ಬಿಡಬೇಕು ಅನ್ನುವುದು ಆಡುವವರ ಇಷ್ಟ. ಮಾಡಿದ ತಪ್ಪು ಹತ್ತು ಗಂಟೆ ಆದ ಮೇಲೆ ಎದುರಿಗೆ ಬಂದು ನಿಲ್ಲುತ್ತದೆ. ಹಿಂದಿನ ‘ವಿಚರ್ 3’ ಬಂದದ್ದು 2015ರ ಮೇ 19ಕ್ಕೆ. 5 ಕೋಟಿಗೂ ಜಾಸ್ತಿ ಪ್ರತಿ ಮಾರಾಟವಾಯಿತು. ಮುಂದಿನದರ ಮೇಲೆ ಆಸೆ ಇರುವುದು ಸಹಜ ಅಲ್ವಾ?

ಹೊಸದರ ಮೊದಲ ಟ್ರೇಲರ್ ಅಮೆರಿಕದ ಒಂದು ಪ್ರಶಸ್ತಿ ಸಮಾರಂಭದಲ್ಲಿ 2024ರ ಡಿಸೆಂಬರ್ 12ರ ರಾತ್ರಿ ತೋರಿಸಿದರು. ನಮಗೆ ಆಗ 13ರ ಬೆಳಗು. ಡಿಸೆಂಬರ್ ಅಂದರೆ ನಮ್ಮ ಕಡೆ ಅಡಿಕೆ ಸುಗ್ಗಿ. ಅವತ್ತು ರಾತ್ರಿ ಸುಲಿಯುವ ಚಪ್ಪರದಲ್ಲಿ ನನ್ನ ತಮ್ಮ ಡಬ್ಬಕ್ಕೆ ಫೋನು ಒರಗಿಸಿಟ್ಟು ಎಲ್ಲರಿಗೂ ತೋರಿಸಿದ. ಮೆಟ್ಟುಗತ್ತಿ ಮುಂದೆ ಕೂತವರು ಕೈ ನಿಲ್ಲಿಸದೆ ನೋಡಿದರು. ಆರು ನಿಮಿಷದ ಕಥೆ. ಒಂದು ಹಳ್ಳಿಯವರು ಕಾಡಿನ ಪ್ರಾಣಿಗೆ ಹುಡುಗಿಯೊಬ್ಬಳನ್ನು ಬಲಿಗೆ ಕಳಿಸುತ್ತಾರೆ. ಸಿರಿ ಅನ್ನುವ ಬೇಟೆಗಾರ್ತಿ ಆ ಪ್ರಾಣಿಯನ್ನು ಕೊಂದು ಹುಡುಗಿಯನ್ನು ಉಳಿಸುತ್ತಾಳೆ. ಹಿಂದಿರುಗಿ ಬರುವಷ್ಟರಲ್ಲಿ ಊರವರೇ ಆ ಹುಡುಗಿಯನ್ನು ಮುಗಿಸಿರುತ್ತಾರೆ. ಹುಡುಗರೆಲ್ಲ ಕತ್ತಿ, ಸರಪಳಿ, ಮಂತ್ರ ಅಂತ ಕೂಗುತ್ತಿದ್ದರು. ನಮ್ಮ ಅಮ್ಮ ಅಡಿಕೆ ಸಿಪ್ಪೆ ಒತ್ತಟ್ಟಿಗೆ ತಳ್ಳಿ, ‘ಊರವರನ್ನ ಬಿಟ್ಟು ಆ ಪ್ರಾಣಿನ ಯಾಕೆ ಕೊಂದ್ಳು ಮಾರಾಯ್ತಿ?’ ಅಂದರು. ಇಡೀ ಟ್ರೇಲರ್ ಕೇಳುತ್ತಿದ್ದ ಪ್ರಶ್ನೆ ಅದೇ. ಕಂಪ್ಯೂಟರ್ ಮುಟ್ಟದವರಿಗೆ ಅದು ಮೊದಲು ಹೊಳೆಯಿತು.

ಜಗಳ ಶುರುವಾದದ್ದು ಮರುದಿನ. ಹಳೆಯ ಆಟದಲ್ಲಿ ಗೆರಾಲ್ಟ್ ಅನ್ನುವ ಬಿಳಿಕೂದಲಿನವನು ನಾಯಕ. ಈ ಸಲ ಅವನು ಸಾಕಿ ಬೆಳೆಸಿದ ಸಿರಿ ನಾಯಕಿ. ಒಂದು ಗುಂಪಿಗೆ ಇದು ಆಗಿಬರುವುದಿಲ್ಲ. ಅವರ ವಾದದಲ್ಲಿ ಒಂದು ಭಾಗ ತೂಕದ್ದು, ಅದನ್ನು ಒಪ್ಪುತ್ತೇನೆ. ವಿಚರ್ ಅಂದರೆ ಆ ಕಥೆಯಲ್ಲಿ ದುಡ್ಡಿಗೆ ರಾಕ್ಷಸರನ್ನು ಕೊಲ್ಲುವ ಬೇಟೆಗಾರ. ಹಾಗಾಗಬೇಕಾದರೆ ಚಿಕ್ಕಂದಿನಲ್ಲೇ ಗಿಡಮೂಲಿಕೆಯ ವಿಷ ಕುಡಿದು ಬದುಕಬೇಕು. ಕುಡಿದ ಹುಡುಗರಲ್ಲಿ ಹೆಚ್ಚಿನವರು ಸಾಯುತ್ತಾರೆ. ದೊಡ್ಡವಳಾದ ಮೇಲೆ ಸಿರಿ ಅದನ್ನು ಹೇಗೆ ದಾಟಿದಳು? ಒಂದು ಲೋಕದಿಂದ ಇನ್ನೊಂದಕ್ಕೆ ಹಾರುವ ಅವಳ ಹುಟ್ಟಿನ ಶಕ್ತಿ ಎಲ್ಲಿಗೆ ಹೋಯಿತು? ಇವಕ್ಕೆ ಕಥೆ ಬರೆಯುವವರು ಉತ್ತರ ಕೊಡಲೇಬೇಕು. ಆದರೆ ‘ಮುಖ ಮೊದಲಿನ ಹಾಗಿಲ್ಲ, ಚಂದ ಇಲ್ಲ’ ಅಂತ ವಾರಗಟ್ಟಲೆ ಕೊರಗಿದವರಿಗೆ ಏನು ಹೇಳೋದು? ರಾಕ್ಷಸರನ್ನು ಹೊಡೆದುಕೊಂಡು ತಿರುಗುವವಳು ಮದುವೆ ಮನೆಗೆ ಹೊರಟವಳ ಹಾಗೆ ಇರಬೇಕಾ? ವಿಚರ್ 3ರಲ್ಲೂ ಕೆಲವು ಭಾಗ ಸಿರಿಯಾಗಿಯೇ ಆಡಿದ್ದೇವೆ. ಆಗ ಯಾರಿಗೂ ಹೊಟ್ಟೆ ನೋವು ಬಂದಿರಲಿಲ್ಲ.

ಎಂಜಿನ್ ವಿಷಯದ ಜಗಳ ಬೇರೆ. ಎಂಜಿನ್ ಅಂದರೆ ಆಟ ಕಟ್ಟುವುದಕ್ಕೆ ಬುನಾದಿಯಾದ ಸಾಫ್ಟ್‌ವೇರ್. ಮೊದಲು ಆ ಕಂಪನಿಯವರು ತಾವೇ ಕಟ್ಟಿದ ಎಂಜಿನ್ ಬಳಸುತ್ತಿದ್ದರು. ಈಗ ಅನ್‌ರಿಯಲ್ ಎಂಜಿನ್ 5. ಅದರಲ್ಲಿ ಮಾಡಿದ ಹಲವು ಆಟಗಳು ಹೊಸ ಜಾಗಕ್ಕೆ ಕಾಲಿಟ್ಟ ಕೂಡಲೇ ಕ್ಷಣಹೊತ್ತು ತಡವರಿಸುತ್ತವೆ. ಹುಡುಗರು ಅದಕ್ಕೆ ಸ್ಟಟರ್ ಅನ್ನುತ್ತಾರೆ. 2025ರ ಜೂನ್‌ನಲ್ಲಿ ಕಂಪನಿ ಒಂದು ಡೆಮೊ ತೋರಿಸಿತು. ಕೊವಿರ್ ಅನ್ನುವ ಸೀಮೆ, ಸಿರಿಯ ಕುದುರೆ, ಜನ ತುಂಬಿದ ಸಂತೆ, ಎಲ್ಲ ಸೋನಿಯವರ ಆಟದ ಯಂತ್ರವಾದ ಸಾಮಾನ್ಯ ಪ್ಲೇಸ್ಟೇಷನ್ 5ರಲ್ಲಿ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರದ ಹಾಗೆ, ಸರಾಗವಾಗಿ ಓಡಿತು. ನೋಡಿದೆಯಾ ಅಂತ ಒಂದು ಗುಂಪು ಬೀಗಿತು. ಇದು ತಂತ್ರಜ್ಞಾನದ ಡೆಮೊ, ಆಟ ಅಲ್ಲ ಅಂತ ಕಂಪನಿಯೇ ಹೇಳಿತ್ತು. ಅದನ್ನು ಕೇಳಿಸಿಕೊಂಡವರು ಕಮ್ಮಿ.

ಟ್ರೇಲರ್‌ನಲ್ಲೂ ಹಾಗೇ. ಸಣ್ಣ ಅಕ್ಷರದಲ್ಲಿ ಇದು ಮೊದಲೇ ತಯಾರಿಸಿಟ್ಟ ವಿಡಿಯೋ ಅಂತ ಬರೆದಿದ್ದರು. ಅದನ್ನು ತಯಾರಿಸಿದ್ದು ಆಗಿನ್ನೂ ಘೋಷಣೆಯೇ ಆಗಿರದ ಎನ್‌ವಿಡಿಯಾ ಕಂಪನಿಯ, ಕಂಪ್ಯೂಟರಿಗೆ ಚಿತ್ರ ಮೂಡಿಸಿಕೊಡುವ ಗ್ರಾಫಿಕ್ಸ್ ಕಾರ್ಡ್‌ನಲ್ಲಿ. ಅಂಗಡಿಯಲ್ಲಿ ದುಡ್ಡು ಕೊಟ್ಟರೂ ಸಿಗದ ಕಾರ್ಡಿನಲ್ಲಿ ಮಾಡಿದ ಚಿತ್ರ ನೋಡಿ, ನಮ್ಮ ಹುಡುಗರು ತಮ್ಮ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನ ಕನಸು ಕಾಣುತ್ತಿದ್ದಾರೆ. ಇದೇ ಕಂಪನಿಯ ವಿಚರ್ 3ರ 2013ರ ಟ್ರೇಲರ್‌ಗೂ 2015ರಲ್ಲಿ ಕೈಗೆ ಸಿಕ್ಕ ಆಟಕ್ಕೂ ಚಿತ್ರದಲ್ಲಿ ವ್ಯತ್ಯಾಸ ಇತ್ತು. ಅದನ್ನು ಅವರೇ ಒಪ್ಪಿಕೊಂಡರು. ಆಟ ಚೆನ್ನಾಗಿತ್ತು, ಜನ ಮರೆತರು.

‘ಸೈಬರ್‌ಪಂಕ್ 2077’ರಲ್ಲಿ ಮರೆಯುವುದು ಅಷ್ಟು ಸುಲಭ ಇರಲಿಲ್ಲ. ಅದೂ ಇದೇ ಕಂಪನಿ 2012ರಲ್ಲಿ ಘೋಷಿಸಿದ ಆಟ. 2020ರ ಏಪ್ರಿಲ್ ಅಂದರು, ಸೆಪ್ಟೆಂಬರ್ ಅಂದರು, ನವೆಂಬರ್ ಅಂದರು, ಕೊನೆಗೆ ಡಿಸೆಂಬರ್ 10ಕ್ಕೆ ಬಿಟ್ಟರು. ಅಷ್ಟರಲ್ಲಿ 80 ಲಕ್ಷ ಜನ ಮುಂಗಡ ಕೊಟ್ಟಾಗಿತ್ತು. ವಿಮರ್ಶೆ ಬರೆಯುವವರಿಗೆ ಮೊದಲೇ ಕೊಟ್ಟಿದ್ದು ಕಂಪ್ಯೂಟರ್‌ನಲ್ಲಿ ಓಡುವ ಪ್ರತಿ ಮಾತ್ರ. ಹಳೆಯ ಪ್ಲೇಸ್ಟೇಷನ್ 4ರಲ್ಲಿ ಅದರ ಗತಿ ಏನು ಅಂತ ದುಡ್ಡು ಕೊಟ್ಟವರಿಗೆ ಗೊತ್ತಾದದ್ದು ಮನೆಯಲ್ಲಿ ಹಾಕಿ ನೋಡಿದ ಮೇಲೆ. ವಾರ ಕಳೆಯುವುದರಲ್ಲಿ ಸೋನಿಯವರು ಅದನ್ನು ತಮ್ಮ ಆನ್‌ಲೈನ್ ಅಂಗಡಿಯಿಂದಲೇ ತೆಗೆದುಹಾಕಿ ದುಡ್ಡು ವಾಪಸ್ ಕೊಡುತ್ತೇವೆ ಅಂದರು. ಆಟ ಮತ್ತೆ ಅಲ್ಲಿ ಕಾಣಿಸಿದ್ದು 2021ರ ಜೂನ್‌ನಲ್ಲಿ. ಆಮೇಲೆ ರಿಪೇರಿ ಮಾಡುತ್ತಾ ಬಂದರು. 2023ರ ಸೆಪ್ಟೆಂಬರ್‌ನ ದೊಡ್ಡ ಅಪ್‌ಡೇಟ್ ಆದ ಮೇಲೆ ಅದು ನಿಜಕ್ಕೂ ಒಳ್ಳೆಯ ಆಟ. ಕಾದು ತೆಗೆದುಕೊಂಡವರಿಗೆ ಒಳ್ಳೆಯ ಆಟವೂ ಸಿಕ್ಕಿತು, ಡಿಸ್ಕೌಂಟೂ ಸಿಕ್ಕಿತು. ಮೊದಲ ದಿನದವರು ಪೂರ್ತಿ ರೇಟು ಕೊಟ್ಟು ಕೆಟ್ಟದ್ದು ಆಡಿದರು.

ನಮ್ಮಲ್ಲಿ ಅಡಿಕೆ ತೋಟವನ್ನು ಚೇಣಿಗೆ ಕೊಡುವ ಪದ್ಧತಿ ಇದೆ. ಫಸಲು ಮರದ ಮೇಲಿರುವಾಗಲೇ ಅದನ್ನು ಕೊಳ್ಳುವ ಮಾತಾಗುತ್ತದೆ. ಆದರೆ ಚೇಣಿ ಹಿಡಿಯುವವರು ತೋಟಕ್ಕೆ ಬರುತ್ತಾರೆ. ಜಿಗಣೆ ಕಚ್ಚಿಸಿಕೊಂಡು ಸಾಲು ಸಾಲು ತಿರುಗುತ್ತಾರೆ. ಕತ್ತೆತ್ತಿ ಅಡಿಕೆ ಗೊನೆ ನೋಡುತ್ತಾರೆ. ಕೊಳೆರೋಗ ಬಿದ್ದು ಕಾಯಿ ಉದುರಿದೆಯಾ ಅಂತ ಬುಡದಲ್ಲಿ ಕೆದಕುತ್ತಾರೆ. ಕಾಫಿ ಕುಡಿಯುತ್ತಾ ಚೌಕಾಸಿ ಮಾಡುತ್ತಾರೆ. ಮುಂಗಡ ಕೈ ಬದಲಾಗುವುದು ಅದಾದ ಮೇಲೆ. ತೋಟದ ಫೋಟೊ ನೋಡಿ ಯಾರೂ ಚೇಣಿ ಹಿಡಿಯಲ್ಲ. ಇದೆಲ್ಲ ಕಣ್ಣಾರೆ ನೋಡಿ ಬೆಳೆದ ಹುಡುಗರು ಆಟಕ್ಕೆ ಪ್ರಿ-ಆರ್ಡರ್ ಅಂದ ಕೂಡಲೇ ಯುಪಿಐ ತೆಗೆಯುತ್ತಾರಲ್ಲ, ನನ್ನ ತಕರಾರು ಅಲ್ಲಿ. ಡೌನ್‌ಲೋಡ್ ಮಾಡುವ ಆಟ ಖಾಲಿ ಆಗಿಬಿಡುವ ಮಾಲೂ ಅಲ್ಲ. ಮೊದಲ ದಿನ ಸಿಗುವುದು ಮೂರು ತಿಂಗಳು ಬಿಟ್ಟರೂ ಸಿಗುತ್ತದೆ.

ನನ್ನ ತಮ್ಮನನ್ನೇ ತಗೊಳ್ಳಿ. ಕೆಲವು ವರ್ಷದ ಕೆಳಗೆ ಇನ್ನೊಂದು ದೊಡ್ಡ ಆಟಕ್ಕೆ, ಹೆಸರು ಬೇಡ, ಡಿಲಕ್ಸ್ ಅಂತ ಜಾಸ್ತಿ ದುಡ್ಡು ಕೊಟ್ಟು ಮುಂಚೆಯೇ ಬುಕ್ ಮಾಡಿದ. ಆ ಜಾಸ್ತಿ ದುಡ್ಡಿಗೆ ಸಿಕ್ಕಿದ್ದು ಕುದುರೆಗೊಂದು ಜೀನು ಮತ್ತು ಎರಡು ಅಂಗಿ. ಆಟ ಬಂದ ರಾತ್ರಿ ಕಂಪ್ಯೂಟರ್ ಫ್ಯಾನಿನ ಸದ್ದು ಅಡುಗೆಮನೆಗೆ ಕೇಳುತ್ತಿತ್ತು. ಆಟ ಸರಾಗ ಓಡಲಿ ಅಂತ ಸೆಟ್ಟಿಂಗ್‌ನಲ್ಲಿ ನೆರಳು ಕಮ್ಮಿ ಮಾಡಿದ, ಹುಲ್ಲು ಕಮ್ಮಿ ಮಾಡಿದ, ನೀರು ಕಮ್ಮಿ ಮಾಡಿದ. ಕೊನೆಗೆ ತೆರೆಯ ಮೇಲೆ ಉಳಿದದ್ದು ಬೂದಿ ಬಣ್ಣದ ಗುಡ್ಡ. ಅವನು ಕೊಂಡ ಕಡೆ ಒಂದು ನಿಯಮ ಇದೆ. ತೆಗೆದುಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಮ್ಮಿ ಇದ್ದರೆ ದುಡ್ಡು ವಾಪಸ್. ಆಟ ತೆರೆದಿಟ್ಟುಕೊಂಡು ಸೆಟ್ಟಿಂಗ್ ಬದಲಾಯಿಸುವುದರಲ್ಲೇ ಆ 2 ಗಂಟೆ ಮುಗಿದಿತ್ತು. ನಾವು ಆಡಿಸುವ ಪಾತ್ರದ ಮುಖ, ಕೂದಲು, ಗಡ್ಡ ಆರಿಸುವುದಕ್ಕೇ ಇಂಥ ಆಟದಲ್ಲಿ ಮುಕ್ಕಾಲು ಗಂಟೆ ಬೇಕು, ಇನ್ನೆಲ್ಲಿಯ ಪರೀಕ್ಷೆ!

ಯಾವ ಟ್ರೇಲರೂ ಹೇಳದ ಇನ್ನೊಂದು ವಿಷಯ ಇದೆ. ಪೇಟೆಯವರಿಗೆ ಇದು ಲೆಕ್ಕಕ್ಕಿಲ್ಲ, ನಮಗೆ ಇದೇ ಮುಖ್ಯ. ಆಟದ ಗಾತ್ರ. ಸೈಬರ್‌ಪಂಕ್‌ಗೆ 70 ಜಿಬಿ ಜಾಗ ಬೇಕು. 2023ರಲ್ಲಿ ಬಂದ ‘ಸ್ಟಾರ್‌ಫೀಲ್ಡ್’ಗೆ 125, ‘ಬಾಲ್ಡರ್ಸ್ ಗೇಟ್ 3’ಕ್ಕೆ 150. ಅಂಗಡಿಗೆ ಬರುವ ಹುಡುಗರಲ್ಲಿ ಹಳ್ಳಿಯವರ ಹತ್ತಿರ ಇರುವುದು ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್. 150 ಜಿಬಿ ಇಳಿಸಲು 75 ದಿನ, ಅದೂ ಬೇರೆ ಏನೂ ನೋಡದಿದ್ದರೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಕರೆಂಟೂ ಇಲ್ಲ, ಫೈಬರೂ ಇಲ್ಲ. ಕೆಲವರು ಹಾರ್ಡ್‌ಡಿಸ್ಕ್ ಹಿಡಿದುಕೊಂಡು ಶಿವಮೊಗ್ಗದ ಗೆಳೆಯರ ರೂಮಿಗೆ ಬಸ್ ಹತ್ತುತ್ತಾರೆ. ಅಷ್ಟು ಕಷ್ಟಪಟ್ಟು ತಂದ ಮೇಲೆ, ಮೊದಲ ದಿನವೇ ಮತ್ತೆ ಹತ್ತಾರು ಜಿಬಿಯ ರಿಪೇರಿ ಫೈಲು ಇಳಿಸು ಅಂದರೆ?

ಹಾಗಂತ ಕಾಯುವುದು, ಜಗಳ ಆಡುವುದು ತಪ್ಪು ಅಂತ ನಾನು ಹೇಳಲ್ಲ. ಆಟ ಬರುವ ಮುಂಚಿನ ಈ ವರ್ಷಗಳು ಪುಕ್ಕಟೆ ಸಿಗುವ ಖುಷಿ. ನಕ್ಷೆ ದೊಡ್ಡದಿರಬೇಕಾ, ಕಥೆ ಗಟ್ಟಿ ಇರಬೇಕಾ ಅಂತ ಪಿಯುಸಿ ಹುಡುಗನೊಬ್ಬ ನನ್ನ ಅಂಗಡಿಯಲ್ಲಿ ಮಂಡಿಸಿದ ವಾದ ಕೇಳಿ ಆಧಾರ್ ತಿದ್ದಿಸಲು ಬಂದಿದ್ದ ಮೇಷ್ಟ್ರು ಸರದಿ ಬಿಟ್ಟು ನಿಂತಿದ್ದರು. ನನ್ನ ಮತ ಕಥೆಗೆ. ವಿಚರ್ 3ರ ಕೆಸರು ಹಳ್ಳಿಗಳಲ್ಲಿ ಕುಡುಕ ಜಮೀನ್ದಾರನೊಬ್ಬನ ಸಂಸಾರದ ಕಥೆ ಬರುತ್ತದೆ. ಅದನ್ನು ನೆನಪಿಟ್ಟುಕೊಂಡವರು ನೂರಾರು, ಆ ನಕ್ಷೆ ಎಷ್ಟು ಚದರ ಕಿಲೋಮೀಟರ್ ಅಂತ ನೆನಪಿರುವವರು ಯಾರೂ ಸಿಕ್ಕಿಲ್ಲ.

ಆದ್ದರಿಂದ ಆ ಹಿರಿಯರಿಗೆ ನನ್ನದೊಂದು ಮಾತು. ಮೊಮ್ಮಗ ಗೆಳೆಯನ ಜೊತೆ ಮಾತು ಬಿಟ್ಟದ್ದಕ್ಕೆ ಚಿಂತೆ ಬೇಡ, ಮುಂದಿನ ಟ್ರೇಲರ್ ಬಂದ ದಿನ ತಾನಾಗಿ ಮಾತಾಡುತ್ತಾರೆ. 2026 ಮುಗಿಯುವವರೆಗೆ ಆಟ ಬರುವುದಿಲ್ಲ ಅಂತ ಕಂಪನಿಯೇ ಹೇಳಿದೆ. ಜಗಳಕ್ಕೆ ಬೇಕಾದಷ್ಟು ಟೈಮ್ ಇದೆ. ಯಾವತ್ತಾದರೂ ಅವನು ನಿಮ್ಮ ಕಾರ್ಡ್ ನಂಬರ್ ಕೇಳಿದರೆ, ಅವತ್ತು ಮಾತ್ರ ಪಕ್ಕದಲ್ಲಿ ಕೂರಿಸಿಕೊಂಡು ವಿಚಾರಿಸಿ.

ಸಂಪಾದಕರೇ, ನಿಮ್ಮಲ್ಲೂ ಒಂದು ಕೇಳಿಕೆ. ನಿಮ್ಮ ಪತ್ರಿಕೆಯಲ್ಲಿ ಆಟದ ಸುದ್ದಿ ಬರುವುದು ಟ್ರೇಲರ್ ಬಂದಾಗ ಮಾತ್ರ, ಅದೂ ‘ಕಾತರದಿಂದ ಕಾಯುತ್ತಿರುವ’ ಅಂತಲೇ ಶುರುವಾಗುತ್ತದೆ. ಸಿನಿಮಾ ಶುಕ್ರವಾರ ಬಂದರೆ ಶನಿವಾರ ವಿಮರ್ಶೆ ಹಾಕುತ್ತೀರಿ. ಆಟಕ್ಕೂ ಅಷ್ಟು ಮಾಡಿ. ಬಂದ ಹದಿನೈದು ದಿನಕ್ಕೆ ಸಾಕು. ಎಷ್ಟು ಜಿಬಿ, ಎಷ್ಟು ರೂಪಾಯಿ, ಐವತ್ತು ಸಾವಿರದ ಲ್ಯಾಪ್‌ಟಾಪಿನಲ್ಲಿ ಓಡುತ್ತದಾ, ನೆಟ್ ಇಲ್ಲದೆ ಆಡಬಹುದಾ, ಇಷ್ಟು ಬರೆದರೆ ನಮ್ಮ ಕಡೆಯ ಎಷ್ಟೋ ಮನೆಯ ದುಡ್ಡು ಉಳಿಯುತ್ತದೆ. ಬರೆಯುವವರು ಸಿಗದಿದ್ದರೆ ತಿಳಿಸಿ. ನನ್ನ ಕೌಂಟರ್ ಮುಂದೆ ನಿಲ್ಲುವವರಲ್ಲಿ ಇಬ್ಬರು ಚೆನ್ನಾಗಿ ಬರೆಯುತ್ತಾರೆ. ಒಬ್ಬ ಸಿರಿ ಕಡೆಯವನು, ಇನ್ನೊಬ್ಬ ಗೆರಾಲ್ಟ್ ಕಡೆಯವನು, ಒಂದೇ ವಾರ ಇಬ್ಬರದ್ದೂ ಹಾಕಬೇಡಿ.

— ಜೆರಾಕ್ಸ್ ಅಂಗಡಿಯವಳು, ತೀರ್ಥಹಳ್ಳಿ